ಒಂದೇ ಊರು, ಎರಡು ಕಡಲು: ಕೇಪ್‌ಟೌನ್‌ನಲ್ಲಿ ಯಾವ ಬದಿ ವಾಸಿ?

ಅಕ್ಕ ಬಂದದ್ದು ನಡೆಯೋದಕ್ಕೆ, ನಾನು ಬಂದದ್ದು ಈಜೋದಕ್ಕೆ. ಮನೆ ಯಾವ ಕಡೆ ಹಿಡಿಯಬೇಕು ಅನ್ನೋ ವಾದ ಮುಗಿಯದೆ, ಇದ್ದ 28 ದಿನವನ್ನು ಸಮಪಾಲು ಮಾಡಿಬಿಟ್ಟೆವು. ಮೊದಲ 14 ದಿನ ಅಟ್ಲಾಂಟಿಕ್ ಬದಿಯ ಸೀ ಪಾಯಿಂಟ್, ಉಳಿದ 14 ದಿನ ಫಾಲ್ಸ್ ಬೇ ಬದಿಯ ಮ್ಯೂಜನ್‌ಬರ್ಗ್. ಡಿಸೆಂಬರ್ ಕೊನೆ, ಜನವರಿ, ಅಲ್ಲಿ ನಡುಬೇಸಿಗೆ. ಎರಡೂ ಕೇಪ್‌ಟೌನೇ, ನಡುವೆ ಇರೋದು 30 ಕಿಲೋಮೀಟರ್ ಆಸುಪಾಸು ದಾರಿ. ಆದರೆ ನೀರಿನ ಗುಣವೇ ಬೇರೆ.

ಸೀ ಪಾಯಿಂಟ್‌ನಲ್ಲಿ ಮೊದಲ ದಿನವೇ ಏಮಾರಿದೆ. ಸುಡುಬಿಸಿಲು, ಗಾಜಿನಂಥ ನೀಲಿ ನೀರು. ಬಸ್ಸು ಹತ್ತಿ ಕ್ಯಾಂಪ್ಸ್ ಬೇಗೆ ಹೋಗಿ ಓಡಿಕೊಂಡು ನೀರಿಗಿಳಿದವಳು ಅದೇ ವೇಗದಲ್ಲಿ ವಾಪಸ್ ಓಡಿಬಂದೆ. ಪಾದ ಮರಗಟ್ಟಿಹೋಗಿತ್ತು. ಬೇಸಿಗೆಯಲ್ಲಿ ಅಲ್ಲಿ ಬೀಸುವ ಆಗ್ನೇಯದ ಗಾಳಿ ಮೇಲಿನ ಬೆಚ್ಚನೆ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಹಾಗಾಗಿ ಜನವರಿಯಲ್ಲೂ ನೀರು 10ರಿಂದ 14 ಡಿಗ್ರಿ ಸೆಲ್ಸಿಯಸ್ ಇರೋದು ಮಾಮೂಲು. ದಿನ ಎಷ್ಟು ಸೊಗಸಾಗಿ ಕಾಣುತ್ತದೋ ನೀರು ಅಷ್ಟು ಕೊರೆಯುತ್ತದೆ! ನನ್ನನ್ನು ಕಾಪಾಡಿದ್ದು ಸೀ ಪಾಯಿಂಟ್‌ನ ಸಾರ್ವಜನಿಕ ಈಜುಕೊಳ. ಕಡಲ ಅಂಚಿನಲ್ಲೇ ಇದೆ, ತುಂಬುವುದೂ ಕಡಲ ನೀರನ್ನೇ, ಆದರೆ ಹಲ್ಲು ಕಟಕಟ ಅನ್ನೋದಿಲ್ಲ.

ಅಕ್ಕನಿಗೆ ಮಾತ್ರ ಅದು ಸ್ವರ್ಗ. ಕಡಲಿಗೆ ಅಂಟಿಕೊಂಡು ಕಿಲೋಮೀಟರ್‌ಗಟ್ಟಲೆ ಕಾಲುದಾರಿ, ರಾತ್ರಿ ಎಂಟರ ಹೊತ್ತಿಗೆ ನೇರ ಕಡಲೊಳಗೇ ಇಳಿಯುವ ಸೂರ್ಯ. "ನೀನು ನೀರು ನೋಡು ಸಾಕು, ಮುಟ್ಟಲೇಬೇಕು ಅಂತ ಯಾರು ಹೇಳಿದ್ದು?" ಅಂತ ನನಗೇ ದಬಾಯಿಸುತ್ತಿದ್ದಳು. ಅಲ್ಲಿದ್ದದ್ದರ ಇನ್ನೊಂದು ಲಾಭ ಟೇಬಲ್ ಮೌಂಟನ್. 1929ರಿಂದ ಓಡುತ್ತಿರುವ ಅಲ್ಲಿನ ರೋಪ್‌ವೇ ಗಾಳಿ ಜೋರಾದರೆ ನಿಂತುಬಿಡುತ್ತದೆ. ಬೆಳಗ್ಗೆ ಎದ್ದು ಬೆಟ್ಟದ ಕಡೆ ಕಣ್ಣು ಹಾಯಿಸಿ, ತುದಿಯಲ್ಲಿ ಬಿಳಿ ಮೋಡದ ಹೊದಿಕೆ ಇಲ್ಲ ಅಂದರೆ ತಕ್ಷಣ ಹೊರಟುಬಿಡಬಹುದು. ನಾವು ಹಾಗೆಯೇ ಹತ್ತಿದ್ದು. ಮುಂದೆ ಮ್ಯೂಜನ್‌ಬರ್ಗ್‌ಗೆ ಹೋದಮೇಲೆ ಇನ್ನೊಮ್ಮೆ ಹತ್ತುವ ಆಸೆಯಿಂದ ಎರಡು ಸಲ ಅಷ್ಟು ದೂರ ಬಂದು, ಎರಡು ಸಲವೂ ಗಾಳಿಗೆ ಸೋತು ಮರಳಿದೆವು.

ಇನ್ನು ಮ್ಯೂಜನ್‌ಬರ್ಗ್. ಕೊಲ್ಲಿಯ ನೀರು ಬೇಸಿಗೆಯಲ್ಲಿ 20 ಡಿಗ್ರಿಯ ಹತ್ತಿರ ಬರುತ್ತದೆ. ನಮ್ಮ ಮೈಗೆ ಅದೂ ತಂಪೇ, ಆದರೆ ಗಂಟೆಗಟ್ಟಲೆ ಇರಬಹುದಾದ ತಂಪು. ಬಹುದೂರದವರೆಗೆ ಆಳವಿಲ್ಲ. ತೆರೆ ಉದ್ದಕ್ಕೆ ಮೆಲ್ಲಗೆ ಮಗುಚುತ್ತದೆ, ಅದಕ್ಕೇ ಸರ್ಫಿಂಗ್ ಕಲಿಯುವವರ ಜಾತ್ರೆ. ಮೂರನೇ ದಿನ ನಾನೂ ಹಲಗೆ ಬಾಡಿಗೆಗೆ ತಗೊಂಡೆ. ನಿಂತದ್ದು ಒಟ್ಟು ನಾಲ್ಕು ಸಲ, ಬಿದ್ದದ್ದಕ್ಕೆ ಲೆಕ್ಕ ಇಟ್ಟಿಲ್ಲ.

ನೀರಿಗಿಳಿಯುವ ಮುಂಚೆ ಬಾವುಟ ನೋಡೋದು ಅಲ್ಲಿ ಅಭ್ಯಾಸವಾಯಿತು. ಬೆಟ್ಟದ ಮೇಲೆ ಕೂತು ಶಾರ್ಕ್ ಬರುತ್ತದಾ ಅಂತ ಕಾಯುವ ಕಾವಲಿನವರಿದ್ದಾರೆ. ಹಸಿರು ಅಂದರೆ ನೀರು ತಿಳಿಯಾಗಿದೆ, ಶಾರ್ಕ್ ಕಂಡಿಲ್ಲ. ಕಪ್ಪು ಅಂದರೆ ನೀರೊಳಗೆ ಸರಿಯಾಗಿ ಕಾಣುತ್ತಿಲ್ಲ. ಕೆಂಪು ಅಂದರೆ ಎಚ್ಚರ. ಬಿಳಿ ಬಾವುಟ ಏರಿ ಸೈರನ್ ಕೂಗಿದರೆ ಎಲ್ಲರೂ ದಡಕ್ಕೆ. ನಾವಿದ್ದಾಗ ಬಿಳಿ ಏರಲಿಲ್ಲ. ಕಪ್ಪು ಕಂಡ ದಿನ ಅಕ್ಕ ನನ್ನನ್ನು ಸೇಂಟ್ ಜೇಮ್ಸ್‌ಗೆ ಅಟ್ಟುತ್ತಿದ್ದಳು. ಅಲ್ಲಿ ಬಣ್ಣಬಣ್ಣದ ಮರದ ಗೂಡುಗಳ ಮುಂದೆ, ಉಬ್ಬರದ ನೀರು ತುಂಬಿಕೊಳ್ಳುವ ಕಲ್ಲುಕಟ್ಟೆಯ ಕೊಳವಿದೆ.

ಈ ಬದಿಯ ಶತ್ರು ಗಾಳಿ. ಊರಿನ ಕೆಟ್ಟ ಗಾಳಿಯನ್ನು ಓಡಿಸುತ್ತದೆ ಅಂತ ಅದಕ್ಕೆ ಕೇಪ್ ಡಾಕ್ಟರ್ ಅಂತ ಹೆಸರಂತೆ. ಡಾಕ್ಟರು ಬಂದ ಮಧ್ಯಾಹ್ನ ಮ್ಯೂಜನ್‌ಬರ್ಗ್‌ನ ಮರಳು ಕಣ್ಣು, ಕಿವಿ, ಹಾಸಿಗೆ ಎಲ್ಲ ಕಡೆ. ಅದೇ ಹೊತ್ತಿಗೆ ಅಟ್ಲಾಂಟಿಕ್ ಬದಿಯ ಕ್ಲಿಫ್ಟನ್‌ನಲ್ಲಿ, ಲಯನ್ಸ್ ಹೆಡ್ ಬೆಟ್ಟದ ಮರೆಯಲ್ಲಿ, ಜನ ಆರಾಮಾಗಿ ಬಿಸಿಲು ಕಾಯಿಸುತ್ತಿರುತ್ತಾರೆ. ಹಾಗಾಗಿ ನನ್ನ ಈಜು ಬೆಳಗ್ಗೆ ಹತ್ತರೊಳಗೆ ಮುಗಿಯುತ್ತಿತ್ತು. ಸೂರ್ಯಾಸ್ತದ ಸಂಭ್ರಮವೂ ಇಲ್ಲಿಲ್ಲ. ಬೆಟ್ಟ ಬೆನ್ನಿಗೇ ಇರುವುದರಿಂದ ಸಂಜೆಗೆ ಮುಂಚೆಯೇ ನೆರಳು.

ಪೆಂಗ್ವಿನ್ ನೋಡೋ ಆಸೆಯಿದ್ದವರಿಗೆ ಈ ಬದಿಯೇ ಅನುಕೂಲ. ಸೈಮನ್ಸ್ ಟೌನ್‌ನ ಬೋಲ್ಡರ್ಸ್‌ನಲ್ಲಿ 1982ರಲ್ಲಿ ಎರಡು ಜೋಡಿ ಬಂದು ಗೂಡು ಕಟ್ಟಿದ್ದು, ಈಗ ಅಲ್ಲಿ ಒಂದು ಊರೇ ಇದೆ. ನಾವು ಪ್ರವಾಸಿಗರ ಬಸ್ಸು ಬರೋ ಮುಂಚೆ ಹೋಗಿ ನೋಡಿ, ತಿಂಡಿ ಹೊತ್ತಿಗೆ ಮನೆಯಲ್ಲಿದ್ದೆವು.

ಹತ್ತು ದಿನದೊಳಗಿನ ಪ್ರವಾಸವಾದರೆ ಸೀ ಪಾಯಿಂಟ್‌ನಲ್ಲೇ ಇರಿ; ಕಾರಿಲ್ಲದೆಯೂ ನಡೆಯುತ್ತದೆ. ತಿಂಗಳಾದರೆ ನಾನು 20 ದಿನ ಮ್ಯೂಜನ್‌ಬರ್ಗ್, 8 ದಿನ ಸೀ ಪಾಯಿಂಟ್ ಅಂತೀನಿ. ಅಕ್ಕನದು ಇದರ ತಿರುಗುಮುರುಗು ಲೆಕ್ಕ. ಮ್ಯೂಜನ್‌ಬರ್ಗ್‌ನಲ್ಲಿ ಕಾರಂತೂ ಬೇಕೇ ಬೇಕು ಅನ್ನೋದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.