ಮುರಕಲ್ಲಿನ ಪದವಿನ ಓಟಕ್ಕೆ ಕಿಟ್ ಬಗ್ಗಿಯೋ, ಸಿದ್ಧ ಕಾರೋ?

ಈ ಬೇಸಗೆಯಲ್ಲಿ ಕಾಸರಗೋಡಿನ ಬದಿಯಡ್ಕದ ಕಡೆಯ ಪದವೊಂದರಲ್ಲಿ, ಅಂದರೆ ಕಲ್ಲುಹಾಸಿನ ಬಯಲಿನಲ್ಲಿ, ನಾವು ಕೆಲವರು ಸೇರಿ ನಡೆಸಲಿರುವ ರೇಡಿಯೊ ನಿಯಂತ್ರಿತ ಕಾರುಗಳ ಓಟಕ್ಕೆ ನಾನು ಒಯ್ಯುವುದು ಬಿಡಿಭಾಗಗಳ ಕಿಟ್ಟಿನಿಂದ ಕೈಯಾರೆ ಜೋಡಿಸಿದ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ, ಬ್ರಷ್ ಮೋಟಾರಿನ (ಒಳಗೆ ಉಜ್ಜುತ್ತ ಸವೆಯುವ ಬ್ರಷ್ಷುಗಳ ಮೂಲಕ ವಿದ್ಯುತ್ ಪಡೆಯುವ ಹಳೆಯ ಬಗೆಯ ಮೋಟಾರು) ಬಗ್ಗಿಯನ್ನೇ, ಅಂದರೆ ಕಚ್ಚಾ ನೆಲದಲ್ಲಿ ಓಡಿಸುವ ಹಗುರ ಕಾರನ್ನೇ. ಅದಕ್ಕಿಂತ ಬೆಲೆಯೂ ವೇಗವೂ ಹೆಚ್ಚಿರುವ, ನಾಲ್ಕು ಚಕ್ರಗಳೂ ಎಳೆಯುವ ಬ್ರಷ್‌ಲೆಸ್ ಮೋಟಾರಿನ ಸಿದ್ಧ ಕಾರು ಅಟ್ಟದ ಮೇಲೆ ಕುಳಿತಿದೆ. ಎರಡೂ 1:10 ಅಳತೆಯವು, ಅಂದರೆ ನಿಜವಾದ ಕಾರಿನ ಹತ್ತನೇ ಒಂದರಷ್ಟು. ಇವುಗಳ ಜೊತೆಗೆ ಮಂಗಳೂರಿನಲ್ಲಿರುವ ಭಾವನ ನೈಟ್ರೊ ಕಾರನ್ನೂ (ಬ್ಯಾಟರಿಯ ಬದಲು ದ್ರವ ಇಂಧನದ ಎಂಜಿನಿನಿಂದ ಓಡುವಂಥದ್ದು) ಇದೇ ಪದವಿನಲ್ಲಿ ಓಡಿಸಿ ನೋಡಿದ್ದೇನೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗ, ಉದ್ದ, ತೂಕಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ಡಾಂಬರು ರಸ್ತೆಯ ಲೆಕ್ಕಗಳು. ನಮ್ಮ ನೆಲದಲ್ಲಿ ಅವುಗಳಿಂದ ಏನೂ ತಿಳಿಯುವುದಿಲ್ಲ.

ನೆಲದ ವಿಷಯವನ್ನು ಮಾತ್ರ ಮೊದಲು ಹೇಳಬೇಕು. ಕಾಸರಗೋಡಿನ ಪದವು ಎಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು, ಅದರ ಮೇಲೆ ಬೆರಳಲ್ಲಿ ಒರೆಸಿದರೆ ಬರುವಷ್ಟು ತೆಳುವಾದ ಕೆಂಪು ಹುಡಿ, ನಡುನಡುವೆ ಕಡಲೆ ಗಾತ್ರದ ನೊರಜುಕಲ್ಲು. ಮಳೆಗಾಲ ಮುಗಿದು ಡಿಸೆಂಬರ್ ಕಳೆಯುವಷ್ಟರಲ್ಲಿ ಮುಳಿಹುಲ್ಲು ಒಣಗಿ ನಿಲ್ಲುತ್ತದೆ, ಅದರ ದಂಟುಗಳು ಚಕ್ರದ ಆಕ್ಸಲಿಗೆ ಸುತ್ತಿಕೊಳ್ಳುತ್ತವೆ. ಗಟ್ಟಿ ನೆಲದ ಮೇಲೆ ಸಡಿಲ ಹುಡಿ ಇರುವುದರಿಂದ ಹಿಡಿತ ಕಡಿಮೆ, ಮುರಕಲ್ಲು ಒರಟಾಗಿರುವುದರಿಂದ ಟಯರಿನ ಸವೆತ ಜಾಸ್ತಿ. ಮೆತ್ತನೆಯ ಜೇಡಿಯನ್ನು ಹದಮಾಡಿ ಕಟ್ಟಿದ ಟ್ರ್ಯಾಕುಗಳಲ್ಲಿ ಓಡಿಸುವವರು ಬರೆದ ವಿಮರ್ಶೆಗಳನ್ನು ನಂಬಿ ಇಲ್ಲಿ ಕಾರು ಕೊಂಡರೆ ಅರ್ಧ ಮಾತು ಹೊಂದುವುದಿಲ್ಲ.

ಸಿದ್ಧ ಕಾರನ್ನು ಅಟ್ಟಕ್ಕೆ ಕಳುಹಿಸಿದ್ದು ಒಂದು ಸಣ್ಣ ಸ್ಕ್ರೂ. ಕಾರ್ಖಾನೆಯವರು ಇಂತಹ ಕಾರುಗಳಿಗೆ ಹಾಕುವ ಪಿನಿಯನ್, ಅಂದರೆ ಮೋಟಾರಿನ ದಂಡಕ್ಕೆ ಸಿಕ್ಕಿಸುವ ಚಿಕ್ಕ ಹಲ್ಲುಗಾಲಿ, ಉದ್ದವಾದ ನೇರ ರಸ್ತೆಯಲ್ಲಿ ವೇಗ ತೋರಿಸುವುದಕ್ಕೆಂದು ಆರಿಸಿದ್ದು. ನನ್ನದರಲ್ಲಿ ಪಿನಿಯನ್ನಿಗೆ 17 ಹಲ್ಲು, ಅದು ತಿರುಗಿಸುವ ಸ್ಪರ್ ಗೇರಿಗೆ 54. ಮೋಟಾರು 3300 ಕೆವಿಯದು, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು; 7.4 ವೋಲ್ಟಿನಲ್ಲಿ ಭಾರವಿಲ್ಲದೆ ತಿರುಗಿದರೆ ನಿಮಿಷಕ್ಕೆ ಇಪ್ಪತ್ತನಾಲ್ಕು ಸಾವಿರಕ್ಕಿಂತ ಹೆಚ್ಚು ಸುತ್ತು. ಅಡಿಗಡಿಗೆ ತಿರುವು, ಏರು, ಮತ್ತೆ ಬ್ರೇಕು ಇರುವ ಪದವಿನಲ್ಲಿ ಈ ಗೇರಿನಿಂದ ಓಡಿಸಿದರೆ ಮೋಟಾರು ಎಳೆಯಲಾರದೆ ಬಿಸಿಯಾಗುತ್ತದೆ. ನಮ್ಮ ಮಾರ್ಚಿನ ಬಿಸಿಲಿನಲ್ಲಿ ಒಂದು ಬ್ಯಾಟರಿ ಮುಗಿಯುವ ಮೊದಲೇ ಅದರ ಹೊರಮೈ 80 ಡಿಗ್ರಿ ದಾಟಿತು. ಅದಕ್ಕಿಂತ ಮೇಲೆ ಹೋದರೆ ಒಳಗಿನ ರೋಟರಿನ ಅಯಸ್ಕಾಂತದ ಶಕ್ತಿಯೇ ಕುಂದುತ್ತದೆ. ಇದಕ್ಕೆ ಮದ್ದು ಸುಲಭ: 13 ಹಲ್ಲಿನ ಪಿನಿಯನ್ ಹಾಕುವುದು. ವೇಗ ಸ್ವಲ್ಪ ಇಳಿದರೂ ಎಳೆಯುವ ಬಲ ಹೆಚ್ಚುತ್ತದೆ, ಮೋಟಾರು ತಣ್ಣಗಿರುತ್ತದೆ. ಓಟದ ಸಿದ್ಧತೆಯಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸವಿದು.

ಆ ಪಿನಿಯನ್ನನ್ನು ದಂಡಕ್ಕೆ ಬಿಗಿದಿರುವುದು ಮೂರು ಮಿಲಿಮೀಟರಿನ ಒಂದು ಗ್ರಬ್ ಸ್ಕ್ರೂ, ಅಂದರೆ ಪೂರ್ತಿ ಒಳಗೆ ಹುದುಗುವ ಪುಟ್ಟ ಸ್ಕ್ರೂ. ಅದರ ತಲೆಗೆ 1.5 ಮಿಲಿಮೀಟರಿನ ಆರುಮೂಲೆಯ ಅಲೆನ್ ಕೀ ಬೇಕು. ಸ್ಕ್ರೂ ಅಲುಗಾಡಿ ಬಿಚ್ಚಿಕೊಳ್ಳದಿರಲೆಂದು ಒಳಗೆ ಗಮ್ಮು ಸುರಿದಿದ್ದರು. ತಪ್ಪೇನೂ ಅಲ್ಲ, ಆದರೆ ಒಂದು ತೊಟ್ಟು ಸಾಲುವಲ್ಲಿ ಕೊಳಗದಷ್ಟು ಸುರಿದಿದ್ದರು. ಹೊಸ ಕೀ ಹಾಕಿ ತಿರುಗಿಸಿದರೂ ಸ್ಕ್ರೂ ಅಲುಗಲಿಲ್ಲ, ಅದರ ತಲೆಯ ಮೂಲೆಗಳು ಮಾತ್ರ ಕರಗಿ ತೂತು ದುಂಡಗಾಯಿತು. ಆ ಉಕ್ಕು ಅಷ್ಟು ಮೆತ್ತಗಿತ್ತು. ಇಷ್ಟನ್ನು ನೋಡಲಿಕ್ಕೇ ಮೇಲಿನ ಪಟ್ಟಿ, ನಡುವಿನ ಡ್ರೈವ್ ಶಾಫ್ಟು, ಮೋಟಾರಿನ ಹಿಡಿಕೆ ಎಲ್ಲವನ್ನೂ ಬಿಚ್ಚಿ ಒಂದು ತಟ್ಟೆಯಲ್ಲಿ ಹರಡಿಕೊಳ್ಳಬೇಕಾಗಿತ್ತು. ಮಾರಿದವರಿಗೆ ಫೋಟೊ ಕಳುಹಿಸಿದರೆ, ಬಿಚ್ಚಿದ ಕಾರಿಗೆ ವಾರಂಟಿ ಇಲ್ಲ, ಬೇಕಿದ್ದರೆ ಮೋಟಾರನ್ನೇ ಹೊಸದಾಗಿ ತರಿಸಿಕೊಳ್ಳಿ ಎಂಬ ಉತ್ತರ ಬಂತು. ಹೊಸ ಮೋಟಾರಿನ ಬೆಲೆ ನನ್ನ ಬಗ್ಗಿಯ ಮೋಟಾರಿನ ಬೆಲೆಯ ಹಲವು ಪಟ್ಟು.

ಕೊನೆಗೆ ಆ ಸ್ಕ್ರೂವನ್ನು ಬಿಡಿಸಿದವನು ಕುಂಬಳೆಯ ಒಬ್ಬ ಮೊಬೈಲ್ ರಿಪೇರಿಯ ಹುಡುಗ. "ಗಮ್ಮು ಹಾಕಿದ್ದಾರೆ ಅಣ್ಣಾ, ಕಾಯಿಸದೆ ಬರುವುದಿಲ್ಲ" ಎಂದವನೇ ಸೋಲ್ಡರಿಂಗ್ ಐರನಿನ ಮೊನೆಯನ್ನು ಸ್ಕ್ರೂವಿನ ತೂತಿಗೆ ಒತ್ತಿ ಹಿಡಿದ, ಸುಟ್ಟ ಪ್ಲಾಸ್ಟಿಕ್ಕಿನ ಹಾಗೆ ವಾಸನೆ ಬಂದ ಮೇಲೆ ದುಂಡಗಾಗಿದ್ದ ತೂತಿಗೆ ಟಿ6 ಅಳತೆಯ ನಕ್ಷತ್ರದಾಕಾರದ ಬಿಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಕೂರಿಸಿ ತಿರುಗಿಸಿದ. ಮೋಟಾರಿಗೆ ಬಿಸಿ ಹತ್ತದಂತೆ ಒದ್ದೆ ಬಟ್ಟೆ ಸುತ್ತಿದ್ದೂ ಅವನೇ. ಸ್ಕ್ರೂ ಬಂತು. ಆದರೆ ದಂಡದ ಮೇಲೆ ಎದ್ದ ಉಕ್ಕಿನ ಎಸಳಿನಿಂದಾಗಿ ಪಿನಿಯನ್ ಜಾರಲಿಲ್ಲ, ಅದನ್ನು ಎಳೆಯುವ ಉಪಕರಣ ನಮ್ಮೂರ ಸುತ್ತ ಎಲ್ಲಿಯೂ ಇರಲಿಲ್ಲ. ಹೊಸ ಪಿನಿಯನ್ ಇನ್ನೂ ಪ್ಲಾಸ್ಟಿಕ್ ಚೀಲದಲ್ಲಿಯೇ ಇದೆ.

ಕಿಟ್ ಬಗ್ಗಿಯಲ್ಲಿ ಈ ತಾಪತ್ರಯ ಬರುವುದಿಲ್ಲವೆಂಬುದೇ ನನ್ನ ಒಲವಿಗೆ ಮೊದಲ ಕಾರಣ. ಅಲ್ಲಿ ಪಿನಿಯನ್ ಹಾಕಿದವನು ನಾನೇ, ಗಟ್ಟಿ ಮೊನೆಯ ಡ್ರೈವರಿನಿಂದ, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕಿನ ಒಂದೇ ತೊಟ್ಟು ಹಾಕಿ. ಅದೂ ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ, ಏಕೆಂದರೆ ಆ ದ್ರವ ಕೆಲವು ಪ್ಲಾಸ್ಟಿಕ್ಕುಗಳನ್ನು ಬಿರಿಯಿಸುತ್ತದೆ. ಮೋಟಾರಿಗೆ ಇರುವುದು ಎರಡೇ ಸ್ಥಾನ, ಎರಡು ಪಿನಿಯನ್ನುಗಳಿಗೆ ಹೊಂದುವಂತೆ. ಹೆಚ್ಚು ಆಯ್ಕೆ ಬೇಕೆನ್ನುವವರಿಗೆ ಇದು ಕೊರತೆಯಾದೀತು. ನನಗಾದರೋ ಹಲ್ಲು ಹಲ್ಲಿಗೆ ಎಷ್ಟು ಸಡಿಲವಿರಬೇಕೆಂದು ಕಾಗದದ ಚೂರು ಸಿಕ್ಕಿಸಿ ಅಳೆಯುವ ಕೆಲಸವೇ ತಪ್ಪುತ್ತದೆ. ಸಿದ್ಧ ಕಾರಿನಲ್ಲಿ ಆ ಅಳತೆಯನ್ನು ಪ್ರತಿ ಸಲ ಹೊಸದಾಗಿ ಹಿಡಿಯಬೇಕು, ಒಂದು ಸಲ ಬಿಗಿಯಾದರೆ ಕರ್ಕಶ ಸದ್ದು, ಇನ್ನೊಂದು ಸಲ ಸಡಿಲವಾದರೆ ಸ್ಪರ್ ಗೇರಿನ ಹಲ್ಲು ಚೂರು.

ಎರಡನೆಯ ಕಾರಣ ಹುಡಿ. ಬಗ್ಗಿಯ ಗೇರ್‌ಬಾಕ್ಸ್ ಸುತ್ತಲೂ ಮುಚ್ಚಿದ್ದು. ಜಪಾನಿನ ಟಮಿಯಾ ಕಂಪನಿ 1984ರಲ್ಲಿ ತಂದ ಹಾರ್ನೆಟ್ ಬಗ್ಗಿಯ ಕಾಲದಿಂದಲೂ ಈ ವರ್ಗದ ಸರಳ ಕಿಟ್ಟುಗಳಲ್ಲಿ ನಡೆದುಬಂದ ಪದ್ಧತಿಯಿದು. ಸಿದ್ಧ ಕಾರಿನ ಸ್ಪರ್ ಗೇರಿಗೆ ಮೇಲೊಂದು ಮುಚ್ಚಳವಿದ್ದರೂ ಚಾಸಿಯ ತಳದಲ್ಲಿ ಸೀಳು ಬಿಟ್ಟಿದ್ದಾರೆ. ಒಂದು ನೊರಜುಕಲ್ಲು ಅಲ್ಲಿ ನುಗ್ಗಿ ಎರಡು ಗೇರುಗಳ ನಡುವೆ ಸಿಕ್ಕಿತೆಂದರೆ ಓಟ ಅಲ್ಲಿಗೆ ಮುಗಿಯಿತು. ಸೀಳಿಗೆ ಒಳಗಿನಿಂದ ಟೇಪು ಅಂಟಿಸಿದೆ. ಹುಡಿ ಕಡಿಮೆಯಾಯಿತು, ಬಿಸಿ ಹೆಚ್ಚಾಯಿತು. ಬಗ್ಗಿಯದ್ದೂ ಪೂರ್ತಿ ನಿರ್ದೋಷವಲ್ಲ. ಕಿಟ್ಟಿನೊಡನೆ ಬಂದ, ಆಕ್ಸಲು ತಿರುಗುವ ಪ್ಲಾಸ್ಟಿಕ್ ಬುಷ್‌ಗಳು (ಬಳೆಗಳು) ಈ ಕೆಂಪು ಹುಡಿಗೆ ಬೇಗನೆ ಸವೆದು ಚಕ್ರಗಳು ಓಲಾಡತೊಡಗಿದವು. ಅವನ್ನು ತೆಗೆದು 5 ಮಿಲಿಮೀಟರ್ ಒಳ, 11 ಮಿಲಿಮೀಟರ್ ಹೊರ ಅಳತೆಯ ಬಾಲ್ ಬೇರಿಂಗುಗಳನ್ನು ಹಾಕಬೇಕು. ಲೋಹದ ಮುಚ್ಚಳದವು ಬೇಡ, ರಬ್ಬರ್ ಸೀಲಿನವೇ ಇರಲಿ. ಹೀಗೆ ಹಾಕಿದ ಮೇಲೆ ಓಟವಾದ ದಿನ ಒಣ ಬ್ರಷ್ಷಿನಿಂದ ಗುಡಿಸಿ, ಆಕ್ಸಲಿಗೆ ಸುತ್ತಿದ ಹುಲ್ಲನ್ನು ಚಿಮುಟದಿಂದ ಎಳೆದು ತೆಗೆದರೆ ಸಾಕು. ಎಣ್ಣೆ ಹಚ್ಚಿದರೆ ಹುಡಿ ಅಲ್ಲಿಯೇ ಮೆತ್ತಿಕೊಳ್ಳುತ್ತದೆ.

ಓಡಿಸುವ ಅನುಭವದಲ್ಲಿ ಸಿದ್ಧ ಕಾರು ಮುಂದಿದೆ ಎಂಬುದನ್ನು ಒಪ್ಪಲೇಬೇಕು. ತಿರುವಿನಿಂದ ಹೊರಬರುವಾಗ ಥ್ರಾಟಲ್ ಒತ್ತಿದರೆ ನಾಲ್ಕು ಚಕ್ರಗಳೂ ನೆಲ ಹಿಡಿದು ಅದು ನೆಟ್ಟಗೆ ಹೋಗುತ್ತದೆ. ಬಗ್ಗಿಯಾದರೆ ಅದೇ ಜಾಗದಲ್ಲಿ ಹಿಂಭಾಗ ಜಾರಿ ಹಿಂತಿರುಗಿ ನಿಂತುಬಿಡುತ್ತದೆ. ಎರಡು ಚಕ್ರದ್ದನ್ನೂ ನಾಲ್ಕು ಚಕ್ರದ್ದನ್ನೂ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬೇರೆಬೇರೆ ವರ್ಗಗಳಲ್ಲಿ ಓಡಿಸುವುದು ಸುಮ್ಮನೆ ಅಲ್ಲ. ಆದರೆ ನಮ್ಮ ಓಟ ಐದು ನಿಮಿಷದ್ದು, ಸಾಲು ಕಿರಿದು, ಬದಿಗೆ ಕಲ್ಲು ಜೋಡಿಸಿದ್ದು. ಅಲ್ಲಿ ಒಂದು ಸಲವೂ ನಿಲ್ಲದೆ ಮುಗಿಸಿದವನು ಸಾಮಾನ್ಯವಾಗಿ ಮುಂದಿರುತ್ತಾನೆ. ಇದಲ್ಲದೆ ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟಾರಿಗೆ ಇನ್ನೊಂದು ತೊಂದರೆಯಿದೆ. ರೋಟರು ಎಲ್ಲಿದೆ ಎಂಬುದು ಅದು ತಿರುಗತೊಡಗಿದ ಮೇಲೆಯೇ ವೇಗ ನಿಯಂತ್ರಕಕ್ಕೆ ತಿಳಿಯುವುದರಿಂದ, ನಿಂತಲ್ಲಿಂದ ಹೊರಡುವಾಗ ಕಾರು ಗಡಗಡ ನಡುಗಿ ಆಮೇಲೆ ಹಾರುತ್ತದೆ. ಬಗ್ಗಿಯಲ್ಲಿರುವ ಹಳೆಯ 540 ಅಳತೆಯ ಬ್ರಷ್ ಮೋಟಾರು ಬೆರಳು ಎಷ್ಟು ಹೇಳುತ್ತದೋ ಅಷ್ಟೇ ನಯವಾಗಿ ಹೊರಡುತ್ತದೆ. ಅದರ ಬ್ರಷ್ಷು ಸವೆದರೆ ಮೋಟಾರನ್ನೇ ಬದಲಿಸುವುದು, ಬೆಲೆ ಅಷ್ಟು ಕಡಿಮೆ.

ಟಯರಿನ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು: ಉದ್ದ ಮುಳ್ಳಿನ ಟಯರು ಗದ್ದೆಗೆ, ಗಿಡ್ಡ ಮುಳ್ಳಿನದು ಪದವಿಗೆ. ಉದ್ದ ಮುಳ್ಳು ಗಟ್ಟಿ ನೆಲದಲ್ಲಿ ಬಾಗುತ್ತದೆ, ಬೇಗ ತುಂಡಾಗುತ್ತದೆ. ವ್ಯತ್ಯಾಸವಿರುವುದು ಖರ್ಚಿನಲ್ಲಿ. ನಾಲ್ಕು ಚಕ್ರವೂ ಎಳೆಯುವ ಕಾರಿನಲ್ಲಿ ನಾಲ್ಕೂ ಸವೆಯುತ್ತವೆ, ಬಗ್ಗಿಯಲ್ಲಿ ಹಿಂದಿನ ಜೋಡಿ ಮಾತ್ರ. ಮುಂದಿನ ಗೀರುಳ್ಳ ಟಯರುಗಳು ಕೊಂಡಾಗ ಇದ್ದ ಹಾಗೆಯೇ ಇವೆ.

ಬ್ಯಾಟರಿಯಲ್ಲಿ ನನ್ನ ಅಭ್ಯಾಸವೇ ತೀರ್ಪು ಕೊಡುತ್ತದೆ. ಸಿದ್ಧ ಕಾರಿಗೆ ಲೈಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಬೇಕು. ಸೆಲ್ಲಿಗೆ 4.2 ವೋಲ್ಟಿನವರೆಗೆ ತುಂಬಿದ ಲೈಪೊವನ್ನು ಹಾಗೆಯೇ ಇಡಬಾರದು, ಓಡಿಸದ ದಿನಗಳಲ್ಲಿ 3.8ರ ಹತ್ತಿರಕ್ಕೆ ಇಳಿಸಿಡಬೇಕು, 3 ವೋಲ್ಟಿಗಿಂತ ಕೆಳಗೆ ಬಿಡಬಾರದು, ಬೆಂಕಿಯ ಭಯವಿರುವುದರಿಂದ ಚಾರ್ಜ್ ಆಗುವಾಗ ಹತ್ತಿರ ಇರಬೇಕು. ಭಾನುವಾರ ತುಂಬಿಸಿಟ್ಟ ದಿನವೇ ತೋಟಕ್ಕೆ ಕೆಲಸದವರು ಬಂದರೆ ಕಾರು ಹೊರಗೆ ಬರುವುದಿಲ್ಲ, ಮುಂದಿನ ವಾರದವರೆಗೆ ಅದರ ನೆನಪೂ ಇರುವುದಿಲ್ಲ. ಮೇಲಾಗಿ ನಾನು ಕೆಲಸ ಮಾಡುವ ಜಗಲಿಯ ಪಕ್ಕದಲ್ಲಿಯೇ ಒಣ ಅಡಿಕೆಯ ಚೀಲಗಳು. ಬಗ್ಗಿಗೆ ಹಾಕುವ ಆರು ಸೆಲ್ಲಿನ 7.2 ವೋಲ್ಟಿನ ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಭಾರ ಹೆಚ್ಚು, ಕೊನೆಯ ನಿಮಿಷದಲ್ಲಿ ದಣಿಯುತ್ತದೆ. ಆದರೆ ಇಂತಹ ಅಲಕ್ಷ್ಯವನ್ನು ಸಹಿಸುತ್ತದೆ, ಐದು ನಿಮಿಷಕ್ಕೆ ಧಾರಾಳವಾಗಿ ಸಾಲುತ್ತದೆ. ಬಗ್ಗಿಗೂ ಲೈಪೊ ಹಾಕಬೇಕೆನ್ನುವವರು ವೇಗ ನಿಯಂತ್ರಕದಲ್ಲಿ ವೋಲ್ಟೇಜ್ ಇಳಿದಾಗ ತಡೆಯುವ ವ್ಯವಸ್ಥೆ ಇದೆಯೇ ಎಂದು ನೋಡಿಕೊಳ್ಳಲಿ; ಇಲ್ಲದಿದ್ದರೆ ಬ್ಯಾಟರಿಯ ಒಂದೊಂದು ಸೆಲ್ಲಿಗೂ ಹೋಗುವ ಬ್ಯಾಲೆನ್ಸ್ ತಂತಿಗೆ ಸಿಕ್ಕಿಸುವ ಪುಟ್ಟ ಬಜರ್ ಬೇಕು.

ನೈಟ್ರೊ ಕಾರಿನ ಸದ್ದಿಗೆ ಮನಸೋಲದವರಿಲ್ಲ, ನಾನೂ ಸೋತೆ. ಆದರೆ ಮೆಥನಾಲ್, ನೈಟ್ರೊಮೀಥೇನ್, ಎಣ್ಣೆ ಬೆರೆಸಿದ ಅದರ ಇಂಧನ ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಸರಕಲ್ಲ. ಬೆಳಗಿನ ತಂಪಿಗೆ ಹದಮಾಡಿದ, ಇಂಧನದ ಹರಿವನ್ನು ನಿಯಂತ್ರಿಸುವ ಸೂಜಿ ಮಧ್ಯಾಹ್ನದ ಸೆಕೆಗೆ ಹೊಂದುವುದಿಲ್ಲ. ಗಾಳಿ ಸೋಸುವ ಸ್ಪಂಜಿಗೆ ಎಣ್ಣೆ ಹಾಕದೆ ಈ ಹುಡಿಯಲ್ಲಿ ಓಡಿಸಿದರೆ ಎಂಜಿನಿನ ಒಳಗೋಡೆಯನ್ನು ಅರದಿಂದ ಉಜ್ಜಿದಂತೆಯೇ. ಭಾವ ಬಂದ ದಿನ ಓಡಿಸಿ ಖುಷಿಪಡಲು ಅದು ಚೆನ್ನ.

ಮಳೆಯಲ್ಲಿ ಓಡಿಸುವುದಾದರೆ ಸಿದ್ಧ ಕಾರೇ ಸರಿ, ಅದರ ವಿದ್ಯುತ್ ಭಾಗಗಳಿಗೆ ನೀರಿನ ಹೆದರಿಕೆಯಿಲ್ಲ. ರಿಮೋಟು ಎರಡರದ್ದೂ 2.4 ಗಿಗಾಹರ್ಟ್ಸಿನದು, ಹಾಗಾಗಿ ಒಬ್ಬರ ಕಾರು ಇನ್ನೊಬ್ಬರ ರಿಮೋಟಿಗೆ ಓಡುವ ಗೊಂದಲವಿಲ್ಲ. ಪಾಲಿಕಾರ್ಬೊನೇಟ್ ಹೊರಕವಚ ಎರಡರದ್ದೂ ಬಿರಿಯಿತು, ಬಟ್ಟೆಯ ಜಾಲರಿ ಟೇಪನ್ನು ಒಳಗಿನಿಂದ ಅಂಟಿಸಿ ತಡೆದಿದ್ದೇನೆ.

ಚಾರ್ಜರ್, ಬ್ಯಾಟರಿ, ಬೇರಿಂಗ್ ಸಹಿತ ಇಪ್ಪತ್ತೈದು ಸಾವಿರದೊಳಗೆ ಮುಗಿಯಬೇಕು, ಮುರಿದದ್ದನ್ನು ಜಗಲಿಯಲ್ಲಿ ಕುಳಿತು ತಾನೇ ಸರಿಮಾಡಬೇಕು ಎನ್ನುವವರಿಗೆ ನನ್ನ ಉತ್ತರ ಕಿಟ್ ಬಗ್ಗಿ. ಜೋಡಿಸುವ ತಾಳ್ಮೆಯಿಲ್ಲದವರು, ಬಿಡಿಭಾಗದ ಅಂಗಡಿ ಹತ್ತಿರವಿರುವ ಊರಿನವರು ಸಿದ್ಧ ಕಾರು ಕೊಳ್ಳಬಹುದು. ಆದರೆ ಕೊಂಡ ದಿನವೇ, ಓಡಿಸುವ ಮೊದಲೇ, ಆ ಗ್ರಬ್ ಸ್ಕ್ರೂವನ್ನು ಕಾಯಿಸಿ ಬಿಚ್ಚಿ ಒಳ್ಳೆಯದೊಂದನ್ನು ಹಾಕಿಕೊಳ್ಳಲಿ. ಓಟಕ್ಕೆ ಮುನ್ನ ನನ್ನ ಬಗ್ಗಿಗೆ ಬಾಕಿಯಿರುವ ಕೆಲಸ ಎರಡು: ಹಿಂದಿನ ಶಾಕ್‌ಗಳಿಗೆ ಈಗಿನದಕ್ಕಿಂತ ಸ್ವಲ್ಪ ಮಂದವಾದ ಸಿಲಿಕೋನ್ ಎಣ್ಣೆ ತುಂಬುವುದು, ಏಕೆಂದರೆ ಬಿಸಿಲಿಗೆ ಅದು ತೆಳುವಾಗಿ ಜಿಗಿತದ ನಂತರ ಹಿಂಭಾಗ ಪುಟಿಯುತ್ತಿದೆ, ಮತ್ತೆ ಗಿಡ್ಡ ಮುಳ್ಳಿನ ಹೊಸ ಟಯರುಗಳನ್ನು ರಿಮ್ಮಿಗೆ ಸೂಪರ್ ಗ್ಲೂ ಹಾಕಿ ಅಂಟಿಸಿ ಒಂದು ರಾತ್ರಿ ಒಣಗಲು ಬಿಡುವುದು.