ಎರಡು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್, ನಾಲ್ಕು ವರ್ಷ: ಫ್ರೇಮ್ ಅಳತೆಯ ಬಗ್ಗೆ ಒಂದು ವಿಮರ್ಶೆ

ಕಳೆದ ನಾಲ್ಕು ವರ್ಷಗಳಲ್ಲಿ ನಾನು ಬಾಗಿದ ಹ್ಯಾಂಡಲ್ಲಿನ ವೇಗದ ಸೈಕಲ್ಲುಗಳಾದ ಎರಡು ಹಳೆಯ ರೋಡ್ ಬೈಕ್‌ಗಳನ್ನು ಕೊಂಡಿದ್ದೇನೆ. ಮೊದಲನೆಯದನ್ನು 38,000 ರೂಪಾಯಿಗೆ ತಂದು, ಹದಿನಾಲ್ಕು ತಿಂಗಳಲ್ಲಿ ಸುಮಾರು 3,000 ಕಿ.ಮೀ. ಓಡಿಸಿ, 29,000ಕ್ಕೆ ಮಾರಿದೆ. ಎರಡನೆಯದು 9,000 ಕಿ.ಮೀ. ದಾಟಿ ಇನ್ನೂ ನನ್ನ ಬಳಿ ಇದೆ. ಎರಡಕ್ಕೂ ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಕವಲು), ಶಿಮಾನೋ ಟಿಯಾಗ್ರಾ ಗೇರ್; ಎರಡೂ ಒಂದೇ ದರ್ಜೆಯವು, ಒಬ್ಬೊಬ್ಬರೇ ಓಡಿಸಿ ಚೆನ್ನಾಗಿ ನೋಡಿಕೊಂಡಿದ್ದವು. ವ್ಯತ್ಯಾಸ ಇದ್ದದ್ದು ಅಳತೆಯಲ್ಲಿ. ಹಾಗಾಗಿ ಕಂಪನಿ, ಮಾಡೆಲ್‌ಗಳ ಚರ್ಚೆಯನ್ನು ಬಿಟ್ಟು, ಅಳತೆ ತಪ್ಪಿದ ಸೈಕಲ್ಲನ್ನು ವರ್ಷಗಟ್ಟಲೆ ಓಡಿಸಿದರೆ ಏನಾಗುತ್ತದೆ, ಮಾರುವವರ ಮನೆಯಂಗಳದಲ್ಲೇ ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದನ್ನಷ್ಟೇ ಬರೆಯುತ್ತೇನೆ.

ನನ್ನ ಎತ್ತರ 168 ಸೆಂ.ಮೀ.; ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿದು ಅಳೆದರೆ ಒಳಗಾಲಿನ ಉದ್ದ 77 ಸೆಂ.ಮೀ. ಮೊದಲ ಸೈಕಲ್ಲಿನ ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಕೊಳವೆ) ಮೇಲೆ ಸೈಜು 56 ಸೆಂ.ಮೀ. ಎಂಬ ಸ್ಟಿಕರ್ ಅಂಟಿಸಿತ್ತು. ಅದರ ಟಾಪ್ ಟ್ಯೂಬ್, ಅಂದರೆ ಸೀಟಿನ ಕಡೆಯಿಂದ ಹ್ಯಾಂಡಲ್ಲಿನ ಕಡೆಗೆ ಹೋಗುವ ಮೇಲಿನ ಕೊಳವೆ, ಹಿಂದಕ್ಕೆ ಇಳಿಜಾರಾಗಿದ್ದುದರಿಂದ ನಾನು ಅದರ ಮೇಲೆ ಕಾಲು ಹಾಕಿ ನಿಂತಾಗ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಉಳಿಯಿತು. ಸೀಟನ್ನು ಇಳಿಸಿದಾಗ ಪೆಡಲ್ ಸಲೀಸಾಗಿ ಎಟುಕಿತು. ಮಾರುವವರು ‘ಒಂದು ವಾರದಲ್ಲಿ ಒಗ್ಗಿಹೋಗುತ್ತೆ ಸಾರ್’ ಎಂದರು. ನಾನು ಮಾಡಿದ ಪರೀಕ್ಷೆ ಅಷ್ಟೇ. ಬಹುತೇಕ ಜನ ಮಾಡುವುದೂ ಅಷ್ಟೇ. ಈ ಪರೀಕ್ಷೆ ಹೇಳುವುದು ಸೈಕಲ್ಲಿನ ಎತ್ತರದ ಬಗ್ಗೆ. ಎತ್ತರವನ್ನು ಒಂದು ಅಲೆನ್ ಕೀಯಿಂದ ಅರ್ಧ ನಿಮಿಷದಲ್ಲಿ ಬದಲಿಸಬಹುದು. ಬದಲಿಸಲಾಗದ್ದು ಉದ್ದ, ಅದನ್ನು ನಾನು ನೋಡಲೇ ಇಲ್ಲ.

ಮೈಸೂರಿನಿಂದ ನಂಜನಗೂಡಿಗೆ ಹೋಗಿಬರುವ ಸುಮಾರು ಐವತ್ತು ಕಿ.ಮೀ.ಗಳಲ್ಲಿ ಮೊದಲ ಒಂದು ತಿಂಗಳು ಏನೂ ತಿಳಿಯಲಿಲ್ಲ. ಹೊಸ ಸೈಕಲ್ಲಿನ ಹುಮ್ಮಸ್ಸಿನಲ್ಲಿ ಕತ್ತು ನೋವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆಮೇಲೆ ಅಂಗೈಯ ಹೊರ ಅಂಚು ಜೋಮು ಹಿಡಿಯತೊಡಗಿತು. ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಮಧ್ಯಾಹ್ನದವರೆಗೂ ಸ್ಪರ್ಶ ಮಂಕಾಗಿರುತ್ತಿತ್ತು. ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹಿಡಿಗಳಾದ ಬ್ರೇಕ್ ಹುಡ್‌ಗಳನ್ನು ಹಿಡಿಯಲು ಮೊಣಕೈಯನ್ನು ನೆಟ್ಟಗೆ ಚಾಚಬೇಕಾಗಿದ್ದರಿಂದ ಮೈಭಾರವೆಲ್ಲ ಅಂಗೈಯ ಬುಡಕ್ಕೆ ಬಿದ್ದು, ಅಲ್ಲಿ ಹಾದುಹೋಗುವ ನರ ಒತ್ತುತ್ತಿತ್ತು. ನಾನು ಮಾಡಿದ ಮೊದಲ ರಿಪೇರಿ ಸೀಟನ್ನು ಅದರ ಕಂಬಿಗಳ ಮೇಲೆ ಪೂರ್ತಿ ಮುಂದಕ್ಕೆ ತಳ್ಳಿದ್ದು. ಕೈಗೆ ತುಸು ಆರಾಮವಾಯಿತು, ಆದರೆ ಪೆಡಲಿಗೆ ಹೋಲಿಸಿದರೆ ಮಂಡಿ ಮುಂದಕ್ಕೆ ಬಂದು, ಎರಡು ವಾರದಲ್ಲಿ ಮಂಡಿಚಿಪ್ಪಿನ ಮುಂಭಾಗ ನೋಯತೊಡಗಿತು. ಎರಡನೆಯ ರಿಪೇರಿಯಾಗಿ ಸೀಟನ್ನು ಹಿಂದಿನ ಜಾಗಕ್ಕೆ ಸರಿಸಿ, 110 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ತೆಗೆದು 60 ಮಿ.ಮೀ.ನದನ್ನು ಹಾಕಿಸಿದೆ. ಈಗ ಕೈ ಎಟುಕಿತು, ಮಂಡಿ ಸುಧಾರಿಸಿತು. ಆದರೆ ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಹ್ಯಾಂಡಲ್ ಎಷ್ಟು ಚಂಚಲವಾಗಿತ್ತೆಂದರೆ, ತಿರುವಿನಲ್ಲಿ ಮೂಗು ಒರೆಸಿಕೊಳ್ಳಲೂ ಒಂದು ಕೈ ಬಿಡುವ ಧೈರ್ಯ ಬರುತ್ತಿರಲಿಲ್ಲ. ಅಷ್ಟು ಗಿಡ್ಡ ಸ್ಟೆಮ್ ಇಟ್ಟುಕೊಂಡು ಆ ಫ್ರೇಮನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ.

ದೊಡ್ಡ ಫ್ರೇಮಿನ ಜೊತೆ ದೊಡ್ಡ ಬಿಡಿಭಾಗಗಳೂ ಬರುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಆ ಸೈಕಲ್ಲಿನ ಹ್ಯಾಂಡಲ್ 44 ಸೆಂ.ಮೀ. ಅಗಲವಿತ್ತು, ನನ್ನ ಭುಜಕ್ಕೆ 40 ಸಾಕು; ಪೆಡಲ್ ಹಿಡಿಯುವ ತೋಳು, ಅಂದರೆ ಕ್ರ್ಯಾಂಕ್, 175 ಮಿ.ಮೀ. ಇತ್ತು, ನನ್ನ ಕಾಲಿಗೆ 170 ಹೆಚ್ಚೆಂದರೆ ಹೆಚ್ಚು. ಇವನ್ನೆಲ್ಲ ಒಂದೊಂದಾಗಿ ಬದಲಿಸುತ್ತ ಹೋದರೆ ಸೆಕೆಂಡ್ ಹ್ಯಾಂಡ್ ಕೊಂಡ ಉಳಿತಾಯ ಕರಗಿಹೋಗುತ್ತದೆ, ಫ್ರೇಮ್ ಮಾತ್ರ ಅಷ್ಟೇ ಉದ್ದವಾಗಿ ಉಳಿದಿರುತ್ತದೆ.

ನನ್ನ ಕಣ್ಣು ತೆರೆಸಿದವನು ಜಮಖಂಡಿ ಕಡೆಯ ಹುಡುಗ. ವಿಜಯಪುರ, ಬಾಗಲಕೋಟೆಯ ಆ ಭಾಗದಲ್ಲಿ ಸೈಕಲ್ ರೇಸು ಮನೆಮಾತು. ಇವನೂ ಶಾಲೆಯ ದಿನಗಳಿಂದ ಟ್ರ್ಯಾಕಿನಲ್ಲಿ ಬೆಳೆದವನು, ಈಗ ಕೆಲಸಕ್ಕೆಂದು ಮೈಸೂರಿನಲ್ಲಿದ್ದಾನೆ. ಒಂದು ಭಾನುವಾರ ನನ್ನ ಹಿಂದೆ ಹತ್ತು ನಿಮಿಷ ಸೈಕಲ್ ತುಳಿದು, ಪಕ್ಕಕ್ಕೆ ಬಂದು, ‘ಸರ್, ನೀವು ಸೈಕಲ್ ಮ್ಯಾಲೆ ಕುಂತಿಲ್ರಿ, ಮಲಗೀರಿ’ ಎಂದ. ಮನೆಗೆ ಬಂದು ಟೇಪ್ ಹಿಡಿದು ಅಳೆದ. ಸ್ಟಿಕರಿನ ಅಂಕಿಯನ್ನು ಅವನು ನೋಡಲೂ ಇಲ್ಲ.

ಸ್ಟಿಕರ್ ನೋಡದಿರುವುದಕ್ಕೆ ಕಾರಣವಿದೆ. ಹಳೆಯ ಕಾಲದ ಸ್ಟೀಲ್ ಸೈಕಲ್ಲುಗಳಲ್ಲಿ ಟಾಪ್ ಟ್ಯೂಬ್ ನೆಲಕ್ಕೆ ಸಮಾನಾಂತರವಾಗಿರುತ್ತಿತ್ತು, ಸೀಟ್ ಟ್ಯೂಬಿನ ಉದ್ದವೇ ಫ್ರೇಮಿನ ಸೈಜು ಎನಿಸಿಕೊಳ್ಳುತ್ತಿತ್ತು. ಆಗಲೂ ಕೆಲವರು ಬಾಟಮ್ ಬ್ರ್ಯಾಕೆಟ್ಟಿನ (ಕ್ರ್ಯಾಂಕ್ ತಿರುಗುವ ಅಚ್ಚಿನ ಜಾಗ) ನಡುವಿನಿಂದ ಟಾಪ್ ಟ್ಯೂಬಿನ ನಡುವಿಗೆ ಅಳೆದರೆ, ಇನ್ನು ಕೆಲವರು ಸೀಟ್ ಟ್ಯೂಬಿನ ತುದಿಗೆ ಅಳೆಯುತ್ತಿದ್ದರು. ಒಂದೇ ಫ್ರೇಮ್ ಒಬ್ಬರಿಗೆ 52, ಇನ್ನೊಬ್ಬರಿಗೆ 53 ಅಥವಾ 54. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಇಂದಿಗೂ ಚಲಾವಣೆಯಲ್ಲಿರುವ ಸೂತ್ರ ಆ ಕಾಲದ್ದು: ಒಳಗಾಲಿನ ಉದ್ದವನ್ನು 0.67ರಿಂದ ಗುಣಿಸಿದರೆ ಫ್ರೇಮ್ ಸೈಜು, 0.883ರಿಂದ ಗುಣಿಸಿದರೆ ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ. ನನ್ನ 77ಕ್ಕೆ ಕ್ರಮವಾಗಿ 51.6 ಮತ್ತು 68 ಬರುತ್ತದೆ. ಎರಡನೆಯ ಲೆಕ್ಕ ಇಂದಿಗೂ ಒಳ್ಳೆಯ ಆರಂಭ. ನಾನು ಕೊನೆಗೆ ನಿಂತದ್ದು 67.5ರಲ್ಲಿ. ಮೊದಲನೆಯ ಲೆಕ್ಕವನ್ನು ಇಳಿಜಾರು ಟಾಪ್ ಟ್ಯೂಬಿನ ಫ್ರೇಮಿಗೆ ಹಚ್ಚಿದರೆ ಅರ್ಥವಿಲ್ಲ, ಏಕೆಂದರೆ ಅಲ್ಲಿ ಸೀಟ್ ಟ್ಯೂಬನ್ನು ಬೇಕೆಂದೇ ಗಿಡ್ಡ ಮಾಡಿರುತ್ತಾರೆ, ಸ್ಟಿಕರಿನ ಮೇಲಿನ ಅಂಕಿ ಊಹೆಯ ಗೆರೆಯೊಂದರ ಅಳತೆಯಾಗಿರುತ್ತದೆ. ಎಸ್, ಎಂ, ಎಲ್ ಎಂದು ಬರೆಯುವ ಕಂಪನಿಗಳದ್ದಂತೂ ಅಂಗಿಯ ಅಳತೆಯ ಕಥೆಯೇ ಸರಿ.

ನಂಬಬಹುದಾದ ಅಳತೆಗಳು ಎರಡು: ರೀಚ್ ಮತ್ತು ಸ್ಟ್ಯಾಕ್. ಬಾಟಮ್ ಬ್ರ್ಯಾಕೆಟ್ಟಿನ ನಡುಬಿಂದುವಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ಲಿನ ಕೆಳಗಿರುವ ಮುಂದಿನ ಕೊಳವೆ) ಮೇಲ್ತುದಿಯ ನಡುವಿಗೆ ಅಡ್ಡಡ್ಡ ಇರುವ ದೂರ ರೀಚ್, ನೆಟ್ಟಗೆ ಇರುವ ಎತ್ತರ ಸ್ಟ್ಯಾಕ್. ಟಾಪ್ ಟ್ಯೂಬಿನ ಸಮತಲ ಉದ್ದವನ್ನೂ ಕಂಪನಿಗಳು ಕೊಡುತ್ತವೆ, ಆದರೆ ಅದು ಸೀಟ್ ಟ್ಯೂಬಿನ ಕೋನವನ್ನು ಅವಲಂಬಿಸಿದೆ. ನನ್ನ ಸೀಟಿನ ಎತ್ತರದಲ್ಲಿ ಆ ಕೋನ ಒಂದು ಡಿಗ್ರಿ ಬದಲಾದರೆ ಸೀಟು ಒಂದು ಸೆಂ.ಮೀ.ಗಿಂತ ಹೆಚ್ಚು ಹಿಂದೆ ಮುಂದೆ ಆಗುತ್ತದೆ, ಸೀಟನ್ನು ಮತ್ತೆ ಕಾಲಿಗೆ ಸರಿಯಾದ ಜಾಗಕ್ಕೆ ಸರಿಸಿದಾಗ ಕಂಪನಿ ಕೊಟ್ಟ ಲೆಕ್ಕ ಕೆಡುತ್ತದೆ. ರೀಚಿಗೆ ಆ ತೊಂದರೆ ಇಲ್ಲ.

ಇವೆರಡನ್ನೂ ಅಳೆಯಲು ಅಂಗಡಿ ಬೇಕಿಲ್ಲ. ಸಮತಟ್ಟಾದ ನೆಲದ ಮೇಲೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಗೋಡೆಗೆ ತಾಗಿಸಿ, ಒಬ್ಬರು ಹಿಡಿದುಕೊಳ್ಳಬೇಕು. ಗೋಡೆಯಿಂದ ಕ್ರ್ಯಾಂಕಿನ ನಡುವಿಗೆ, ಗೋಡೆಯಿಂದ ಹೆಡ್ ಟ್ಯೂಬಿನ ತುದಿಯ ನಡುವಿಗೆ ಅಳೆದು ಕಳೆದರೆ ರೀಚ್. ಅದೇ ಎರಡು ಬಿಂದುಗಳಿಗೆ ನೆಲದಿಂದ ಅಳೆದು ಕಳೆದರೆ ಸ್ಟ್ಯಾಕ್. ಹೆಡ್‌ಸೆಟ್ಟಿನ (ಹೆಡ್ ಟ್ಯೂಬಿನ ಬೇರಿಂಗ್) ಮುಚ್ಚಳ, ಸ್ಟೆಮ್ಮಿನ ಕೆಳಗೆ ಇಡುವ ಉಂಗುರಗಳಾದ ಸ್ಪೇಸರ್‌ಗಳನ್ನು ಸೇರಿಸಬಾರದು. ಮೇಸ್ತ್ರಿಗಳ ತೂಗುಗುಂಡು ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ದಾರಕ್ಕೆ ಕಟ್ಟಿದ ಒಂದು ನಟ್ಟು ಸಾಕು. ನನ್ನ ಈಗಿನ ಸೈಕಲ್ಲಿಗೆ ಗೋಡೆಯಿಂದ 74.5 ಮತ್ತು 112, ಅಂದರೆ ರೀಚ್ 37.5, ನೆಲದಿಂದ 27 ಮತ್ತು 80.5, ಅಂದರೆ ಸ್ಟ್ಯಾಕ್ 53.5. ಹಳೆಯದರ ರೀಚ್ 39.2, ಸ್ಟ್ಯಾಕ್ 57 ಇತ್ತು. ಮೇಲ್ನೋಟಕ್ಕೆ ಒಂದೂಮುಕ್ಕಾಲು ಸೆಂ.ಮೀ. ವ್ಯತ್ಯಾಸ. ಆದರೆ ಹೆಡ್ ಟ್ಯೂಬಿನೊಳಗೆ ಹಾದು ಸ್ಟೆಮ್ಮನ್ನು ಹೊರುವ ಫೋರ್ಕಿನ ಕೊಳವೆ ಹಿಂದಕ್ಕೆ ವಾಲಿರುವುದರಿಂದ ಹ್ಯಾಂಡಲ್ ಒಂದು ಸೆಂ.ಮೀ. ಮೇಲೇರಿದರೆ ಸುಮಾರು 3 ಮಿ.ಮೀ. ಹತ್ತಿರ ಬರುತ್ತದೆ, ಎರಡೂ ಸೈಕಲ್ಲುಗಳನ್ನು ಒಂದೇ ಎತ್ತರದಲ್ಲಿ ಹೋಲಿಸಿದರೆ ಹಳೆಯದು ಎರಡೂಮುಕ್ಕಾಲು ಸೆಂ.ಮೀ. ಉದ್ದ. ಸ್ಟೆಮ್‌ಗಳು ಸಾಮಾನ್ಯವಾಗಿ ಹತ್ತು ಹತ್ತು ಮಿ.ಮೀ. ಅಂತರದಲ್ಲಿ ಸಿಗುತ್ತವೆ, ಒಂದು ಅಥವಾ ಎರಡು ಹೆಜ್ಜೆ ಹಿಂದೆ ಸರಿಯಬಹುದು, ನಾನು ಐದು ಹೆಜ್ಜೆ ಸರಿದಿದ್ದೆ.

ಎರಡನೆಯ ಸೈಕಲ್ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಬೆಂಗಳೂರಿನ ಮಾರಾಟಗಾರರಿಗೆ ಟೇಪ್ ಇಟ್ಟು ಫೋಟೋ ಕಳಿಸಿ ಎಂದರೆ ಅರ್ಧದಷ್ಟು ಜನ ಉತ್ತರವನ್ನೇ ಕೊಡಲಿಲ್ಲ. ಉತ್ತರಿಸಿದವರಲ್ಲಿ ಒಬ್ಬರ 52 ನನ್ನ ಅಳತೆಗೆ ತೀರ ಹತ್ತಿರವಿತ್ತು, ಬೆಲೆಯೂ ಕಡಿಮೆ. ಹೋಗಿ ನೋಡಿದರೆ ಅವರು ರೇಸಿಗೆಂದು ಫೋರ್ಕಿನ ಕೊಳವೆಯನ್ನು ಸ್ಟೆಮ್ಮಿನ ಮಟ್ಟಕ್ಕೇ ಕತ್ತರಿಸಿದ್ದರು. ಹೊಸ ಸೈಕಲ್ ಕೊಳ್ಳುವವರಿಗೆ ಇಲ್ಲದ, ಹಳೆಯದನ್ನು ಕೊಳ್ಳುವವರಿಗೆ ಮಾತ್ರ ಇರುವ ಅಪಾಯ ಇದು. ಕತ್ತರಿಸಿದ ಕೊಳವೆಯನ್ನು ಬೆಳೆಸಲಾಗುವುದಿಲ್ಲ. ಸ್ಟೆಮ್ಮನ್ನು ತಲೆಕೆಳಗು ಮಾಡಿದರೆ, ಅದು ಆರು ಡಿಗ್ರಿಯದಾಗಿದ್ದು ಹತ್ತು ಸೆಂ.ಮೀ. ಉದ್ದವಿದ್ದರೆ, ಎರಡು ಸೆಂ.ಮೀ. ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಎರಡು ಸೈಜುಗಳ ನಡುವೆ ಇರುವವರು ಚಿಕ್ಕದನ್ನೇ ಆರಿಸಿಕೊಳ್ಳಬೇಕು ಎಂಬ ಸಲಹೆಯನ್ನು ನಾನೂ ಒಪ್ಪುತ್ತೇನೆ, ಆದರೆ ಸ್ಟೆಮ್ಮಿನ ಕೆಳಗೆ ಎರಡು ಮೂರು ಸ್ಪೇಸರ್‌ಗಳು ಉಳಿದಿದ್ದರೆ ಮಾತ್ರ. ಸೀಟ್ ಪೋಸ್ಟನ್ನು (ಸೀಟನ್ನು ಹೊರುವ ಕಂಬ) ಹೊರಗೆ ಎಳೆದು ನೋಡುವುದೂ ಅಷ್ಟೇ ಮುಖ್ಯ: ನಿಮ್ಮ ಎತ್ತರಕ್ಕೆ ಏರಿಸಿದಾಗ ಅದರ ಮೇಲಿನ ಕನಿಷ್ಠ ಗುರುತು ಕೊಳವೆಯ ಒಳಗೇ ಇರಬೇಕು, ಮತ್ತು ಅದು ಎಳೆದರೆ ಬರಬೇಕು. ತುಕ್ಕು ಹಿಡಿದು ಕಚ್ಚಿಕೊಂಡ ಪೋಸ್ಟ್ ಇರುವ ಸೈಕಲ್ಲಿಗೆ ಒಂದೇ ಎತ್ತರ, ಹಿಂದಿನ ಯಜಮಾನರದ್ದು.

ಈಗಿನ ಸೈಕಲ್ಲಿನ ಸ್ಟಿಕರ್ 50 ಎನ್ನುತ್ತದೆ. 90 ಮಿ.ಮೀ. ಸ್ಟೆಮ್, ಕೆಳಗೆ ಎರಡು ಸ್ಪೇಸರ್, 40 ಸೆಂ.ಮೀ. ಹ್ಯಾಂಡಲ್, 170ರ ಕ್ರ್ಯಾಂಕ್. ಮೂರು ವರ್ಷದ ಹತ್ತಿರ ಹತ್ತಿರ ಓಡಿಸಿದರೂ ಕೈ ಜೋಮು ಹಿಡಿದಿಲ್ಲ, ಮಂಡಿಯ ಬಗ್ಗೆ ಯೋಚಿಸಿಲ್ಲ. ಕಳೆದ ವರ್ಷ 200 ಕಿ.ಮೀ. ಬ್ರೆವೆಯನ್ನು (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ), ಅದಕ್ಕಿರುವ ಹದಿಮೂರೂವರೆ ಗಂಟೆಯ ಮಿತಿಯಲ್ಲಿ, 11 ಗಂಟೆ 40 ನಿಮಿಷಕ್ಕೆ ಮುಗಿಸಿದೆ. ಹಳೆಯ ಸೈಕಲ್ಲಿನಲ್ಲಿ ನೂರು ದಾಟಿದ್ದೇ ಎರಡು ಸಲ. ದೋಷಗಳಿಲ್ಲ ಎಂದಲ್ಲ. ನಿಧಾನವಾಗಿ ತಿರುಗುವಾಗ ಬೂಟಿನ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆ, ಚಿಕ್ಕ ಫ್ರೇಮುಗಳಲ್ಲಿ ಇದು ಮಾಮೂಲು. ಮನೆ ಮುಂದಿನ ಹಂಪಿನ ಬಳಿ ಒಮ್ಮೆ ಹೀಗೇ ಬಿದ್ದಿದ್ದೇನೆ. ಫ್ರೇಮಿನ ತ್ರಿಕೋನ ಇಕ್ಕಟ್ಟಾಗಿರುವುದರಿಂದ ಎರಡನೆಯ ನೀರಿನ ಬಾಟಲಿಯನ್ನು ಓಡಿಸುತ್ತ ಎಳೆಯುವುದು ಕಷ್ಟ. ಐದು ಗಂಟೆಯ ನಂತರ ಕತ್ತು ಸ್ವಲ್ಪ ಬಿಗಿಯುತ್ತದೆ, ಅದಕ್ಕೆ ನನ್ನ ವಯಸ್ಸೂ ಪಾಲುದಾರ ಎಂದುಕೊಂಡಿದ್ದೇನೆ.

ಹಳೆಯ 56ನ್ನು ಕೊಂಡವರು ಹಾಸನದವರು, ಆರಡಿಗೆ ಸ್ವಲ್ಪವೇ ಕಡಿಮೆ. ಮಾರುವಾಗ ನಾನು ಮೂಲದ 110 ಮಿ.ಮೀ. ಸ್ಟೆಮ್ಮನ್ನು ಮತ್ತೆ ಹಾಕಿಸಿ, ಗೋಡೆಯ ಲೆಕ್ಕ ಮಾಡಿ ತೋರಿಸಿ ಕೊಟ್ಟಿದ್ದೆ. ಇಂಥ ಆರಾಮದ ಸೈಕಲ್ಲನ್ನು ಏಕೆ ಬಿಟ್ಟಿರಿ ಎಂದು ಅವರು ಈಗಲೂ ಕೇಳುತ್ತಿರುತ್ತಾರೆ. ಆ 60 ಮಿ.ಮೀ. ಸ್ಟೆಮ್ ನನ್ನ ಡ್ರಾಯರಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಆದರೆ ಏಕೆ ಬೇಕು ಎಂದು ಮೊದಲು ಕೇಳುತ್ತೇನೆ.