ಮೋಶಿಯ ಶಾಲೆಯಲ್ಲಿ ಆರು ವಾರ: ಶಾಲೆಗೆ ಫಸ್ಟ್ ಕ್ಲಾಸ್, ಏಜೆನ್ಸಿಗೆ ಗ್ರೇಸ್ ಮಾರ್ಕ್ಸೂ ಇಲ್ಲ

ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಗೆ ವಾಪಸು ಬಂದು ಎರಡು ತಿಂಗಳಾಯಿತು. ಲಿಫ್ಟಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ, ಎಲ್ಲ ಕಡೆ ಅದೇ ಪ್ರಶ್ನೆ. "ಟೀಚರ್, ಆಫ್ರಿಕಾ ಹೇಗಿತ್ತು? ಎಷ್ಟು ಖರ್ಚಾಯ್ತು? ನಾವೂ ಹೋಗಬಹುದಾ?" ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದಿಟ್ಟುಬಿಡುತ್ತೇನೆ.

ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವಳು. ಕೆಲಸಕ್ಕೆ ಸೇರಿದಾಗ ಬೆಂಚಿಗೆ ನಾಲ್ಕು ಮಕ್ಕಳು ಒತ್ತಿ ಕೂರುತ್ತಿದ್ದರು. ನಿವೃತ್ತಿಯಾಗುವ ವರ್ಷ ನಾಲ್ಕನೇ ತರಗತಿಯಲ್ಲಿ ಇದ್ದದ್ದು ಒಂಬತ್ತೇ ಮಕ್ಕಳು. ಮನೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ವಿದೇಶದ ಶಾಲೆಗಳಿಗೆ ಸ್ವಯಂಸೇವಕರನ್ನು ಕಳಿಸುವ ಏಜೆನ್ಸಿ ಮುಂಬಯಿಯಲ್ಲೇ ಇದೆ ಅಂತ ಮಗಳು ಹುಡುಕಿಕೊಟ್ಟಳು. ಊರು ತಾಂಜಾನಿಯಾದ ಮೋಶಿ, ಕಿಲಿಮಂಜಾರೋ ಪರ್ವತದ ಬುಡ. ಆರು ವಾರ, ಒಬ್ಬರ ಮನೆಯಲ್ಲಿ ಊಟ-ವಸತಿ, ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಶುಲ್ಕ 1,10,000 ರೂಪಾಯಿ, ವಿಮಾನದ ಟಿಕೆಟ್ ಬೇರೆ.

ಮೊದಲು ಏಜೆನ್ಸಿಯ ವಿಷಯ ಮುಗಿಸಿಬಿಡೋಣ. ಆಫೀಸಿನಲ್ಲಿ ಎ.ಸಿ. ಚೆನ್ನಾಗಿತ್ತು, ಗೋಡೆ ತುಂಬ ನಗುವ ಮಕ್ಕಳ ಫೋಟೋ. "ಮೇಡಂ, ಟೂರಿಸ್ಟ್ ವೀಸಾ ಸಾಕು, ಯಾರೂ ಕೇಳಲ್ಲ" ಅಂದ ಹುಡುಗ. ಪಾಲಿಕೆಯ ನೌಕರಿ ಮಾಡಿದವಳಿಗೆ "ಯಾರೂ ಕೇಳಲ್ಲ" ಅನ್ನುವ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಕೂತು ಓದಿದೆ. ಆ ದೇಶದಲ್ಲಿ ಸ್ವಯಂಸೇವೆಗೆ ಬರುವವರಿಗೆ 'ಸಿ' ದರ್ಜೆಯ ನಿವಾಸ ಪರವಾನಗಿ ಅಂತಲೇ ಒಂದಿದೆ. ಸಂಬಳವಿಲ್ಲದಿದ್ದರೂ ಅವರ ಲೆಕ್ಕದಲ್ಲಿ ಕೆಲಸ ಕೆಲಸವೇ. ಮೂರು ಸಲ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಹೋಗಿ ಜಗಳವಾಡಿದ ಮೇಲೆ ಕಾಗದ ಸರಿಯಾಯಿತು. ಅದರ ಖರ್ಚನ್ನೂ ನನ್ನ ತಲೆಗೇ ಕಟ್ಟಿದರು.

ಇನ್ನು ದುಡ್ಡಿನ ಲೆಕ್ಕ. ಉಳಿದುಕೊಂಡಿದ್ದ ಮನೆಯ ಯಜಮಾನಿಯನ್ನೇ ಕೇಳಿದೆ, ಸಂಕೋಚ ಮಾಡದೆ ಹೇಳಿದರು: ವಾರಕ್ಕೆ 1,20,000 ಶಿಲ್ಲಿಂಗ್. ಒಂದು ರೂಪಾಯಿಗೆ ಸುಮಾರು 30 ಶಿಲ್ಲಿಂಗ್ ಅಂತ ಹಿಡಿದರೆ 4,000 ರೂಪಾಯಿ. ಆರು ವಾರಕ್ಕೆ 24,000. ಶಾಲೆಗೆ ಒಂದೇ ಸಲ 3,00,000 ಶಿಲ್ಲಿಂಗ್, ಅಂದರೆ 10,000. ಕೂಡಿಸಿ, ಕಳೆಯಿರಿ. 76,000 ರೂಪಾಯಿ ಎಲ್ಲಿ ಹೋಯಿತು ಅಂತ ವಾಪಸು ಬಂದು ಕೇಳಿದ್ದಕ್ಕೆ "ಅಡ್ಮಿನ್ ಖರ್ಚು ಮೇಡಂ" ಎಂಬ ಉತ್ತರ ಬಂತು. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಲೆಕ್ಕ ಬರೆದಿದ್ದರೆ ಪಟ್ಟಿಯನ್ನು ಅಪ್ಪನ ಸಹಿಗೆ ಮನೆಗೆ ಕಳಿಸುತ್ತಿದ್ದೆ.

ಆದರೆ ಆ ಊರು!

ಮುಂಬಯಿಯಿಂದ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಕಿಲಿಮಂಜಾರೋ ವಿಮಾನ ನಿಲ್ದಾಣ. ಇಲ್ಲಿ ಜುಲೈ ಮಳೆ ಹಳಿ ಮುಳುಗಿಸುತ್ತಿದ್ದರೆ ಅಲ್ಲಿ ಒಣ ಚಳಿ. ಸ್ವೆಟರ್ ಒಯ್ಯಿರಿ, ಆಫ್ರಿಕಾ ಅಂದರೆ ಸುಡುವ ಬಿಸಿಲು ಅಂದುಕೊಂಡು ನನ್ನ ಹಾಗೆ ಹತ್ತಿ ಸೀರೆ ಮಾತ್ರ ತುಂಬಿಕೊಂಡು ಹೋಗಬೇಡಿ. 5,895 ಮೀಟರಿನ ಪರ್ವತ ಹಗಲೆಲ್ಲ ಮೋಡ ಹೊದ್ದು ಮಲಗಿರುತ್ತದೆ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಹಿತ್ತಲಿಗೆ ಬಂದರೆ ತಲೆಯ ಮೇಲಿನ ಹಿಮ ತೋರಿಸಿ ಮತ್ತೆ ಮುಸುಕೆಳೆದುಕೊಳ್ಳುತ್ತದೆ. ಮನೆಯ ಸುತ್ತ ಬಾಳೆ, ಬಾಳೆಯ ನೆರಳಿಗೆ ಕಾಫಿ ಗಿಡ, ಗಿಡಗಳ ನಡುವೆ ನೀರಿನ ಕಾಲುವೆ. ಚಾಗ್ಗಾ ಜನರ ಹಳೆಯ ಬೇಸಾಯ ಇದು. ಮೂಡಿಗೆರೆಯ ಕಡೆಯವರನ್ನು ಕಣ್ಣು ಕಟ್ಟಿ ತಂದು ಬಿಟ್ಟರೆ ಯಾರ ತೋಟ ಅಂತ ಕೇಳಿಯಾರು.

ಮನೆಯ ಯಜಮಾನಿಯನ್ನು ಎಲ್ಲರೂ 'ಮಾಮಾ' ಅನ್ನುತ್ತಾರೆ, ಅಂದರೆ ಅಮ್ಮ. ಮುಂಬಯಿಯಲ್ಲಿ ಮಾಮಾ ಅಂದರೆ ಸೋದರಮಾವ, ಕೆಲವೊಮ್ಮೆ ಪೊಲೀಸ್ ಹವಾಲ್ದಾರ. ಮೊದಲ ವಾರ ನನಗೆ ಬಾಯಿ ತಿರುಗಲೇ ಇಲ್ಲ. ನನ್ನನ್ನು ಅವರು ಕರೆದದ್ದು 'ಬಿಬಿ', ಅಜ್ಜಿ ಅಂತ. 61 ವರ್ಷದವಳಿಗೆ ಬೇಜಾರಾಗಬಾರದು, ಸ್ವಲ್ಪ ಆಯಿತು.

ಮೊದಲ ಬೆಳಿಗ್ಗೆ ಮಾಮಾ ಲೋಟದಲ್ಲಿ 'ಊಜಿ' ತಂದಿಟ್ಟರು. ಕೆಂಗಂದು ಬಣ್ಣ, ಬಿಸಿ ಹಬೆ, ಆ ವಾಸನೆ. ರಾಗಿ ಗಂಜಿ! ನಾನು ತಿಪಟೂರಿನವಳು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ರಾಗಿಯನ್ನು ವಾಣಿ ಅಂಗಡಿಯಲ್ಲಿ 'ನಾಚಣಿ' ಅಂತ ಕೇಳಿ ತರುತ್ತಾ ನಲವತ್ತು ವರ್ಷ ಕಳೆದಿದ್ದೇನೆ. ಅಲ್ಲಿ ಅದು 'ಉಲೆಜಿ'. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು ಅಂತ ಪುಸ್ತಕದಲ್ಲಿ ಓದಿದ್ದೆ. ನಾಲಿಗೆಯ ಮೇಲೆ ಬಿದ್ದಾಗ ಆದದ್ದೇ ಬೇರೆ. ರಾತ್ರಿಗೆ 'ಉಗಾಲಿ', ಜೋಳದ ಹಿಟ್ಟಿನದು, ಮೆಕ್ಕೆಜೋಳ. ಕುದಿಯುವ ನೀರಿಗೆ ಹಿಟ್ಟು ಸುರಿದು 'ಮ್ವಿಕೋ' ಎಂಬ ಮರದ ಹುಟ್ಟಿನಿಂದ ತೊಳಸುವುದನ್ನು ನೋಡಿ ತಡೆಯಲಾರದೆ ಎದ್ದುಹೋದೆ. ಒಂದು ರಾತ್ರಿ ಉಲೆಜಿ ಹಿಟ್ಟಿನಲ್ಲೇ ಮುದ್ದೆ ತಿರುವಿ, ದಂಟಿನ ಸೊಪ್ಪಿಗೆ (ಅಲ್ಲಿ 'ಮ್ಚಿಚಾ') ಬೇಳೆ ಬದಲು ಅವರ ಕೆಂಪು ಹುರುಳಿಕಾಯಿ ಕಾಳು ಹಾಕಿ ಸಾರು ಮಾಡಿದೆ. ಮಾಮಾ ತಿಂದರು. ಅಗಿಯದೆ ನುಂಗಬೇಕು ಅಂದದ್ದಕ್ಕೆ ಮಾತ್ರ ನನ್ನ ತಲೆ ಸರಿ ಇದೆಯೇ ಅನ್ನುವ ಹಾಗೆ ನೋಡಿದರು.

ಶಾಲೆಗೆ ಬರುತ್ತೇನೆ. ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ, ಹೈಸ್ಕೂಲಿಗೆ ಹೋದ ಮೇಲೆ ಇಂಗ್ಲಿಷ್. ನನಗೆ ಕೊಟ್ಟ ನಾಲ್ಕನೇ ತರಗತಿಯಲ್ಲಿ 72 ಮಕ್ಕಳು! ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲರೂ ಎದ್ದು ಒಂದೇ ದನಿಯಲ್ಲಿ "ಶಿಕಾಮೂ" ಅಂದರು. ಹಿರಿಯರಿಗೆ ಹೇಳುವ ನಮಸ್ಕಾರ ಅದು, "ಮರಹಬಾ" ಅಂತ ಉತ್ತರ ಕೊಡಬೇಕು. ನಾನು "ಕೂತ್ಕೊಳ್ಳಿ" ಅಂದೆ, ಕನ್ನಡದಲ್ಲಿ. ಕೂತರು.

"ನೀವೇ ಕ್ಲಾಸ್ ತಗೊಳ್ತೀರಿ" ಅಂತ ಏಜೆನ್ಸಿಯವರು ಹೇಳಿ ಕಳಿಸಿದ್ದರು. ಸುಳ್ಳು, ಮತ್ತು ಪುಣ್ಯಕ್ಕೆ ಸುಳ್ಳು. ಭಾಷೆ ಬಾರದವಳು ಬೋರ್ಡಿನ ಮುಂದೆ ನಿಂತರೆ ಮಕ್ಕಳ ಆರು ವಾರ ಹಾಳು. ಅಲ್ಲಿನ ಗಣಿತದ ಶಿಕ್ಷಕಿ ನನಗಿಂತ ಚುರುಕು. ಸೋಡಾ ಬಾಟಲಿಯ ಮುಚ್ಚಳಗಳಿಂದ ಭಿನ್ನರಾಶಿ ಕಲಿಸುತ್ತಿದ್ದರು. ನಾನು ಹಿಂದಿನ ಸಾಲಿನ ಹನ್ನೊಂದು ಮಕ್ಕಳ ಜೊತೆ ನೆಲದಲ್ಲಿ ಕೂತೆ, ಅಷ್ಟೇ ನನ್ನ ಕೆಲಸ. ಭಾಷೆ ಹೆದರಿಸಿದಷ್ಟು ದೂರದ್ದೂ ಅಲ್ಲ. ಪೆನ್ನಿಗೆ 'ಕಲಾಮು', ನೋಟ್‌ಬುಕ್ಕಿಗೆ 'ದಫ್ತಾರಿ', ಗಣಿತಕ್ಕೆ 'ಹೆಸಾಬು', ಬಣ್ಣಕ್ಕೆ 'ರಂಗಿ', ಆದರೆ ಅನ್ನುವುದಕ್ಕೆ 'ಲಾಕಿನಿ'. ಅರಬ್ಬೀ ಸಮುದ್ರದ ವ್ಯಾಪಾರ ಎರಡೂ ದಡಕ್ಕೆ ಹಂಚಿದ ಮಾತುಗಳು. ಮುಂಬಯಿ ಹಿಂದಿ ಬಂದವರಿಗೆ ಅರ್ಧ ಹಾದಿ ಸಲೀಸು.

ಗಡಿಯಾರದಲ್ಲಿ ಮಾತ್ರ ಮೋಸ ಹೋದೆ. ಹೆಡ್‌ಮಾಸ್ಟರರು "ಸಾ ಮ್ಬಿಲಿ" ಮೀಟಿಂಗ್ ಅಂದರು. ಸಾ ಅಂದರೆ ಗಂಟೆ, ಮ್ಬಿಲಿ ಅಂದರೆ ಎರಡು ಅಂತ ಕಲಿತಿದ್ದ ಜಂಬದಲ್ಲಿ ಮಧ್ಯಾಹ್ನ ಎರಡಕ್ಕೆ ಸೀರೆ ನೆರಿಗೆ ಸರಿಮಾಡಿಕೊಂಡು ಹೋದೆ. ಮೀಟಿಂಗ್ ಬೆಳಿಗ್ಗೆ ಎಂಟಕ್ಕೇ ಶುರುವಾಗಿ ಮುಗಿದುಹೋಗಿತ್ತು. ಅಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ, ಬೆಳಿಗ್ಗೆ ಏಳು ಅಂದರೆ ಒಂದು ಗಂಟೆ. ನಮ್ಮಜ್ಜ ಪಂಚಾಂಗ ಹಿಡಿದು ಉದಯಾದಿ ಘಳಿಗೆ ಎಣಿಸುತ್ತಿದ್ದದ್ದು ಆಮೇಲೆ ನೆನಪಾಯಿತು. ಹೆಡ್‌ಮಾಸ್ಟರರು ಬೈಯಲಿಲ್ಲ, "ಪೊಲೆ" ಅಂದರು. ಯಾರಾದರೂ ಎಡವಿದರೂ, ಬಸ್ಸು ತಪ್ಪಿದರೂ ಅಲ್ಲಿ ಹೇಳುವ ಮಾತು ಅದು. ತಪ್ಪು ಯಾರದೇ ಇರಲಿ, ಪಾಪ ನಿಮಗೆ ಹೀಗಾಯಿತಲ್ಲ ಅನ್ನುವ ಹಾಗೆ.

ಇಡೀ ಪ್ರವಾಸದ ಹಣ ವಸೂಲಾದದ್ದು ಶಾಲೆಯ ಕಾವಲುಗಾರನ ಹತ್ತಿರ. ಊಟದ ಬಿಡುವಿನಲ್ಲಿ ಮರದ ಕೆಳಗೆ ಆತ 'ಬಾವೋ' ಆಡುತ್ತಿದ್ದ. ನೋಡಿದರೆ ನಮ್ಮ ಅಳಗುಳಿಮಣೆ! ಪಕ್ಕದ ಮನೆಯ ಬಂಟ್ವಾಳದ ಶೆಟ್ಟಿ ಅಕ್ಕ ಆಟಿ ತಿಂಗಳಲ್ಲಿ ಇಳಿಸುವ ಚೆನ್ನೆಮಣೆ. ನಮ್ಮದಕ್ಕೆ ಏಳರಂತೆ ಎರಡು ಸಾಲು, ಹದಿನಾಲ್ಕು ಗುಳಿ. ಅವರದಕ್ಕೆ ಎಂಟರಂತೆ ನಾಲ್ಕು ಸಾಲು, 32 ಗುಳಿ, 64 ಬೀಜ. ಎರಡು ವಾರ ದಿನಾ ಸೋತೆ. ಆಮೇಲೆ ನನ್ನ ಹನ್ನೊಂದು ಮಕ್ಕಳಿಗೆ ನೆಲದಲ್ಲಿ ಹದಿನಾಲ್ಕು ಗುಳಿ ತೋಡಿ ನಮ್ಮ ಆಟ ಕಲಿಸಿದೆ. ಕೈಯಲ್ಲಿರುವ ಬೀಜ ಯಾವ ಗುಳಿಗೆ ಮುಗಿಯುತ್ತದೆ ಅಂತ ಮೊದಲೇ ಹೇಳಬೇಕು ಅನ್ನುವುದು ನನ್ನ ಷರತ್ತು. ಬೆರಳು ಮಡಿಸಿ ಕೂಡಿಸುತ್ತಿದ್ದವರು ನಾಲ್ಕನೇ ವಾರಕ್ಕೆ ಕಣ್ಣಲ್ಲೇ ಎಣಿಸತೊಡಗಿದರು. ಆಗಸ್ಟ್ 8ರಂದು ರಜೆ, ರೈತರ ದಿನ. ಅದರ ಹೆಸರೇ 'ನಾನೆ ನಾನೆ', ಎಂಟು-ಎಂಟು. ಆ ದಿನವೂ ಮೂವರು ಮಾಮಾ ಮನೆಯ ಹಿತ್ತಲಿಗೆ ಆಟಕ್ಕೆ ಬಂದರು.

ಕೊರತೆ ಇಲ್ಲವೇ? ಇದೆ. ವಾರಕ್ಕೆ ಎರಡು ದಿನ ನೀರಿಲ್ಲ, ಶೌಚಾಲಯ ಹಿತ್ತಲಲ್ಲಿ, ರಾತ್ರಿ ಟಾರ್ಚ್ ಬೇಕು. ಮೇಷ್ಟ್ರ ಮೇಜಿನ ಮೇಲೆ ಬೆತ್ತ ಇರುತ್ತದೆ, ಬಳಕೆಯೂ ಆಗುತ್ತದೆ. ನನ್ನ ಮೊದಲ ವರ್ಷಗಳಲ್ಲಿ ನನ್ನ ಕೈಯಲ್ಲೂ ಇತ್ತು, ಹಾಗಾಗಿ ಉಪದೇಶ ಮಾಡುವ ಮುಖ ನನಗಿರಲಿಲ್ಲ. ಎದ್ದು ಹೊರಗೆ ಹೋಗುತ್ತಿದ್ದೆ. ಶುದ್ಧ ಸಸ್ಯಾಹಾರಿಗಳು ಮೊದಲೇ ಹೇಳಿಡಿ, ಇಲ್ಲದಿದ್ದರೆ ಬಾಳೆಕಾಯಿಯ 'ಮ್ತೋರಿ' ಸಾರಿನಲ್ಲೂ ಮಾಂಸ ಇರುತ್ತದೆ.

ಮೊನ್ನೆ ಶೆಟ್ಟಿ ಅಕ್ಕನ ಸೊಸೆ ಬಂದು ಏಜೆನ್ಸಿಯ ನಂಬರ್ ಕೇಳಿದಳು. ಕೊಡಲಿಲ್ಲ. ಹೆಡ್‌ಮಾಸ್ಟರರ ವಿಳಾಸ ಕೊಟ್ಟೆ, ಪರವಾನಗಿಯ ವಿಷಯ ಮೊದಲು ಅವರಿಗೇ ಬರೆದು ಕೇಳು ಅಂದೆ. ಎಂಟು ವಾರಕ್ಕಿಂತ ಕಡಿಮೆ ಆದರೆ ಹೋಗಬೇಡ ಅಂತಲೂ ಹೇಳಿದೆ, ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ನಾನು ಹೊರಟು ನಿಂತಿದ್ದೆ. ಅವಳು ಹೋಗುವಾಗ ಅತ್ತೆಯ ಅಟ್ಟದ ಮೇಲಿನ ಚೆನ್ನೆಮಣೆ ಒಯ್ಯಲೇ ಅಂತ ಕೇಳಿದಳು. ಮಣೆ ಭಾರ, ಬೀಜ ಅಲ್ಲೇ ಸಿಗುತ್ತದೆ, ಗುಳಿ ನೆಲದಲ್ಲೇ ತೋಡಬಹುದು ಅಂದೆ.